ದೂರು ಕೊಟ್ಟವರ ಹೆಸರು ಎಲ್ಲಿಗೆ ಹೋಗುತ್ತದೆ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತದೆ. ರೆಡಿಂಗ್‌ನಲ್ಲಿರುವ ಮಗನ ಮನೆಗೆ ಬಂದ ತಾಯಿಯೊಬ್ಬರು ಬರೆಯುತ್ತಾರೆ: "ಮೇಲಿನ ಫ್ಲ್ಯಾಟಿನಲ್ಲಿ ರಾತ್ರಿಯಿಡೀ ಪಾರ್ಟಿ. ಕೌನ್ಸಿಲ್‌ಗೆ ಹೇಳೋಣ ಅಂದರೆ ಸೊಸೆ ಬೇಡವೇ ಬೇಡ ಅನ್ನುತ್ತಾಳೆ. ಹೇಳಿದ್ದು ನಾವೇ ಅಂತ ಅವರಿಗೆ ಗೊತ್ತಾಗಿಬಿಡುತ್ತದೆಯೇ?" ಲೀಡ್ಸ್‌ನಲ್ಲಿ ನರ್ಸ್ ಆಗಿರುವ ಹುಡುಗಿಗೆ ಮನೆಯ ಹಿಂದಿನ ಓಣಿಯಲ್ಲಿ ಸೇರುವ ಗುಂಪಿನ ಭಯ. ಅದಕ್ಕಿಂತ ದೊಡ್ಡ ಭಯ ಇನ್ನೊಂದು: "ದೂರು ಕೊಟ್ಟರೆ ವೀಸಾಕ್ಕೆ ಏನಾದರೂ ಆಗುತ್ತಾ ಮೇಡಂ?" ಹುಬ್ಬಳ್ಳಿಯಿಂದ ತಂದೆಯೊಬ್ಬರು ಫೋನ್ ಮಾಡಿ ಕೇಳಿದ್ದರು: "ನಮ್ಮ ಮಗಳು ಮ್ಯಾಂಚೆಸ್ಟರ್‌ನಾಗ ಅದಾಳ್ರೀ. ಅಕಿ ಹೆಸರು, ಫೋನ್ ನಂಬರ್, ಎಲ್ಲಾ ಬರಕೊಂಡಾರಂತ. ಅದನ್ನೆಲ್ಲಾ ಇಟಗೊಂಡು ಅವರೇನ್ ಮಾಡ್ತಾರ್ರೀ?" ಮೂವರೂ ಕೇಳುತ್ತಿರುವುದು ಒಂದೇ. ಊರಿನ ರಕ್ಷಣೆಗೆಂದು ನಮ್ಮ ಬಗ್ಗೆ ಬರೆದುಕೊಳ್ಳುವವರು ಆ ಬರಹವನ್ನು ಹೇಗೆ ಕಾಯುತ್ತಾರೆ?

ಊರಿನಲ್ಲಿರುವ ಓದುಗರಿಗೆ ಮೊದಲು ಕೌನ್ಸಿಲ್ ಎಂದರೇನು ಎಂದು ಹೇಳಬೇಕು. ಇಂಗ್ಲೆಂಡಿನಲ್ಲಿ ಕೌನ್ಸಿಲ್ ಎಂದರೆ ನಮ್ಮ ನಗರಸಭೆ, ಪಾಲಿಕೆಗಳ ಹಾಗೆ. ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ನಿಂತಿರುವುದು ಲ್ಯಾಂಬೆತ್ ಎಂಬ ಕೌನ್ಸಿಲ್ಲಿನ ವ್ಯಾಪ್ತಿಯಲ್ಲಿ. ಕಲಬುರಗಿ ಜಿಲ್ಲೆಯ ಡಾ. ನೀರಜ್ ಪಾಟೀಲರು ಮೇಯರ್ ಆಗಿದ್ದದ್ದು ಅಲ್ಲಿಯೇ. ಕಸ ಎತ್ತುವುದು, ಮನೆ ತೆರಿಗೆ, ಗ್ರಂಥಾಲಯ ಎಲ್ಲವೂ ಕೌನ್ಸಿಲ್‌ನದೇ. ಇವುಗಳ ಜೊತೆಗೆ ಅನೇಕ ಕೌನ್ಸಿಲ್‌ಗಳಲ್ಲಿ 'ಕಮ್ಯುನಿಟಿ ಪ್ರೊಟೆಕ್ಷನ್' ಎಂಬ ವಿಭಾಗವೊಂದಿರುತ್ತದೆ. ನೆರೆಮನೆಯ ಗದ್ದಲ, ರಸ್ತೆ ಬದಿಗೆ ಕಸ ಸುರಿದು ಹೋಗುವವರು, ಅಂಕೆಯಿಲ್ಲದ ನಾಯಿಗಳು, ಬೀದಿಯಲ್ಲಿ ಕಾಡುವ ಗುಂಪುಗಳು, ಇವೆಲ್ಲ ಅದರ ಪಾಲಿಗೆ ಬರುತ್ತವೆ. ಪೊಲೀಸರು ಬರುವಷ್ಟು ದೊಡ್ಡದಲ್ಲದ, ಆದರೆ ನಿದ್ದೆ ನೆಮ್ಮದಿಯನ್ನು ದಿನವೂ ಕೆಡಿಸುವ ತಂಟೆಗಳವು. ಅವುಗಳಿಗೆ ಲಗಾಮು ಹಾಕಲು 2014ರ ಸಮಾಜವಿರೋಧಿ ವರ್ತನೆಯ ಕಾಯ್ದೆ ಕೌನ್ಸಿಲ್‌ಗಳಿಗೆ ಸಾಕಷ್ಟು ಅಧಿಕಾರ ಕೊಟ್ಟಿದೆ. ಮೊದಲು ಲಿಖಿತ ಎಚ್ಚರಿಕೆ, ಕೇಳದಿದ್ದರೆ ನೋಟಿಸ್, ಅದನ್ನೂ ಮೀರಿದರೆ ದಂಡ ಅಥವಾ ನ್ಯಾಯಾಲಯ. ನೋಟಿಸ್ ಪಡೆದವರಿಗೆ ಮೇಲ್ಮನವಿ ಹಾಕಲು 21 ದಿನಗಳ ಅವಕಾಶವಿದೆ. ಇಷ್ಟೆಲ್ಲ ನಡೆಯಬೇಕಾದರೆ ಮೊದಲು ಯಾರಾದರೊಬ್ಬರು ಬಾಯಿ ಬಿಡಬೇಕು. ಬಾಯಿ ಬಿಟ್ಟವರ ಹೆಸರಿನಿಂದಲೇ ಕಡತ ತೆರೆಯುತ್ತದೆ.

ಆರು ವರ್ಷಗಳ ಹಿಂದೆ ನಾನೂ ಅಂಥದೊಂದು ಕಡತ ತೆರೆಸಿದೆ. ಇಲ್ಲಿ ಇಂಗ್ಲೆಂಡಿನಲ್ಲಿ ನಮ್ಮದು ಸಾಲುಮನೆ. ಎರಡೂ ಬದಿಗೆ ಗೋಡೆ ಹಂಚಿಕೊಂಡ ನೆರೆಯವರು. ಎಡಗಡೆಯ ಮನೆಯಲ್ಲಿ ವಯಸ್ಸಾದ ಒಬ್ಬರೇ ಇದ್ದರು. ಆ ಚಳಿಗಾಲದಲ್ಲಿ ಅವರ ಟಿವಿ ರಾತ್ರಿ ಹನ್ನೊಂದಕ್ಕೆ ಶುರುವಾದರೆ ಬೆಳಗಿನ ನಾಲ್ಕರವರೆಗೂ ಗೋಡೆಯನ್ನೇ ಅದುರಿಸುವಷ್ಟು ಜೋರಾಗಿ ಕೂಗುತ್ತಿತ್ತು. ನನ್ನ ಮಗಳಿಗೆ ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆಯ ವರ್ಷ. ಎರಡು ಸಲ ಬಾಗಿಲು ತಟ್ಟಿದೆ, ತೆರೆಯಲಿಲ್ಲ. ಕೊನೆಗೆ ಕೌನ್ಸಿಲ್‌ಗೆ ಬರೆದೆ. ಅವರು ಕಳಿಸಿದ್ದು ಗೆರೆ ಹಾಕಿದ ನಾಲ್ಕು ಹಾಳೆ. ದಿನಾಂಕ, ಶುರುವಾದ ಹೊತ್ತು, ನಿಂತ ಹೊತ್ತು, ಯಾವ ಕೋಣೆಯಲ್ಲಿ ಕೇಳಿಸಿತು, ನಿಮ್ಮ ಮೇಲೆ ಏನು ಪರಿಣಾಮ, ಹೀಗೆ ಐದು ಕಲಮುಗಳು. ಹದಿನಾಲ್ಕು ದಿನ ತುಂಬಬೇಕು. ರಾತ್ರಿ ಒಂದೂವರೆಗೆ ಎದ್ದು ಕೂತು ಅಡುಗೆಮನೆಯ ದೀಪದಡಿ ಆ ಕಲಮುಗಳನ್ನು ತುಂಬುತ್ತಿದ್ದೆ. ಪರಿಣಾಮದ ಕಲಮಿನಲ್ಲಿ ನಾಲ್ಕು ರಾತ್ರಿ ಬರೆದದ್ದು ಒಂದೇ ಮಾತು: ಮಗಳಿಗೆ ಪರೀಕ್ಷೆ, ನಿದ್ದೆಯಿಲ್ಲ.

ಆ ಹಾಳೆಗಳ ಜೊತೆ ಇನ್ನೊಂದು ಕಾಗದವೂ ಬಂದಿತ್ತು. ಇಲ್ಲಿನ ಎಲ್ಲ ಕೌನ್ಸಿಲ್‌ಗಳೂ ಕೊಡಲೇಬೇಕಾದ ಗೋಪ್ಯತಾ ಸೂಚನೆ ಅದು. ಹೆಚ್ಚಿನವರು ಓದದೆ ಬದಿಗಿಡುತ್ತಾರೆ. ನಾನು ಮಾತ್ರ ಭಯಕ್ಕೆ ಕೂತು ಓದಿದೆ. ಯಾವ ಮಾಹಿತಿ ತೆಗೆದುಕೊಳ್ಳುತ್ತೇವೆ, ಯಾಕೆ, ಯಾವ ಕಾನೂನಿನ ಬಲದಿಂದ, ಯಾರ ಜೊತೆ ಹಂಚಿಕೊಳ್ಳಬಹುದು, ಎಷ್ಟು ವರ್ಷ ಇಟ್ಟುಕೊಳ್ಳುತ್ತೇವೆ, ನಿಮಗಿರುವ ಹಕ್ಕು ಏನು, ಕೇಳಬೇಕಾದ ಎಲ್ಲ ಪ್ರಶ್ನೆಗೂ ಅದರಲ್ಲಿ ಉತ್ತರವಿತ್ತು. ಇದರ ಹಿಂದಿರುವುದು 2018ರ ಮೇ 25ರಂದು ಯುರೋಪಿನಾದ್ಯಂತ ಜಾರಿಗೆ ಬಂದು, ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟ ಮೇಲೂ ಇಲ್ಲಿ ಉಳಿದುಕೊಂಡ ಡೇಟಾ ಕಾನೂನು. ಅದರ ತಿರುಳು ಸರಳ. ಒಂದು ಕೆಲಸಕ್ಕೆಂದು ತೆಗೆದುಕೊಂಡ ಮಾಹಿತಿ ಆ ಕೆಲಸಕ್ಕೇ. ಬೇಕಾದಷ್ಟೇ ತೆಗೆದುಕೊಳ್ಳಬೇಕು, ಬೇಕಾದಷ್ಟು ಕಾಲವೇ ಇಟ್ಟುಕೊಳ್ಳಬೇಕು, ಬೇಕಾದವರಿಗೇ ತೋರಿಸಬೇಕು.

ಇಲ್ಲಿ ಅನೇಕರು ಎಡವುವ ಒಂದು ವಿಷಯವಿದೆ. "ನಮ್ಮ ಒಪ್ಪಿಗೆ ಕೇಳದೆ ನಮ್ಮ ಬಗ್ಗೆ ಬರೆದುಕೊಳ್ಳಬಹುದೇ?" ಎನ್ನುತ್ತಾರೆ. ಬರೆದುಕೊಳ್ಳಬಹುದು. ಒಪ್ಪಿಗೆಯೊಂದೇ ಆಧಾರವಾಗಿದ್ದರೆ, ಗದ್ದಲ ಮಾಡುವವನು "ನನ್ನ ಒಪ್ಪಿಗೆ ಇಲ್ಲ" ಎಂದ ಕೂಡಲೇ ಕಡತ ಮುಚ್ಚಬೇಕಾಗುತ್ತಿತ್ತು. ಅದಕ್ಕೇ ಸಾರ್ವಜನಿಕ ಕರ್ತವ್ಯ ಎಂಬ ಬೇರೆ ಆಧಾರದ ಮೇಲೆ ಕೌನ್ಸಿಲ್ ಮಾಹಿತಿ ಇಟ್ಟುಕೊಳ್ಳುತ್ತದೆ. 1990ರ ಪರಿಸರ ಸಂರಕ್ಷಣಾ ಕಾಯ್ದೆಯ ಪ್ರಕಾರ ಗದ್ದಲದ ದೂರು ಬಂದರೆ ತನಿಖೆ ಮಾಡುವುದು ಅದರ ಕರ್ತವ್ಯ. ಆರೋಗ್ಯ, ಧರ್ಮ, ಜನಾಂಗದಂಥ ಸೂಕ್ಷ್ಮ ವಿಷಯಗಳಿಗೆ ಇನ್ನೂ ಬಿಗಿಯಾದ ಷರತ್ತುಗಳಿವೆ. ಒಪ್ಪಿಗೆ ಬೇಡವಾದಲ್ಲಿ ಹೊಣೆ ಇಮ್ಮಡಿಯಾಗುತ್ತದೆ ಎಂಬುದು ನನ್ನ ನಂಬಿಕೆ. ಬೇಡ ಎಂದು ಸುಮ್ಮನೆ ತಡೆಯುವ ಅವಕಾಶ ನಮಗಿಲ್ಲದಿರುವುದರಿಂದಲೇ ಕಾಯುವ ಭಾರ ಪೂರ್ತಿ ಅವರ ಮೇಲೆ ಬೀಳುತ್ತದೆ.

ನನ್ನ ಹೆಸರು ನೆರೆಯವರಿಗೆ ತಿಳಿಸುವುದಿಲ್ಲ ಎಂದು ಅಧಿಕಾರಿ ಫೋನಿನಲ್ಲಿ ಮಾತು ಕೊಟ್ಟರು. ಪ್ರಕರಣ ನ್ಯಾಯಾಲಯಕ್ಕೆ ಹೋದರೆ ನೀವು ಸಾಕ್ಷಿ ಹೇಳಬೇಕಾಗಬಹುದು, ಆಗ ಮಾತ್ರ ಹೆಸರು ಹೊರಬರುತ್ತದೆ, ಅದಕ್ಕೆ ಮೊದಲು ನಿಮ್ಮನ್ನು ಕೇಳುತ್ತೇವೆ ಎಂದೂ ಹೇಳಿದರು. ಮಾತಿಗೆ ತಪ್ಪಲಿಲ್ಲ. ನೆರೆಯವರಿಗೆ ಹೋದ ಪತ್ರದಲ್ಲಿ ನನ್ನ ಹೆಸರೂ ಇರಲಿಲ್ಲ, ಮನೆ ಸಂಖ್ಯೆಯೂ ಇರಲಿಲ್ಲ. ಆದರೂ ಮೂರನೆಯ ದಿನ ಸಂಜೆ ಅವರು ಪತ್ರ ಹಿಡಿದುಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದರು. ಮನೆಯ ಚಪ್ಪಲಿಯಲ್ಲೇ ಬಂದಿದ್ದರು, ಕೈ ನಡುಗುತ್ತಿತ್ತು. ಪತ್ರದ ಎರಡನೆಯ ಪ್ಯಾರಾದ ಮೇಲೆ ಬೆರಳಿಟ್ಟು ಕೇಳಿದರು: "ಪರೀಕ್ಷೆ ಇರುವ ಮಗು ಅಂತ ಬರೆದಿದ್ದಾರೆ. ನಿಮ್ಮ ಮಗಳು ತಾನೆ?" ಅವರ ಇನ್ನೊಂದು ಬದಿಯ ಮನೆಯಲ್ಲಿ ಮಕ್ಕಳೇ ಇರಲಿಲ್ಲ. ಹೆಸರು ಬರೆಯುವ ಅಗತ್ಯವೇ ಇರಲಿಲ್ಲ. ನಾನೇ ಬರೆದ ಸಾಲು ನನ್ನನ್ನು ತೋರಿಸಿಕೊಟ್ಟಿತ್ತು.

ಆ ಸಂಜೆ ನಾನು ಕಲಿತದ್ದನ್ನೇ ಇವತ್ತಿನ ಅಂಕಣದಲ್ಲಿ ಹೇಳಬೇಕೆಂದಿದ್ದೇನೆ. ಹೆಸರು ಅಳಿಸಿದ ಮಾತ್ರಕ್ಕೆ ಗುರುತು ಅಳಿಯುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಇದು ಎಲ್ಲರಿಗೂ ಗೊತ್ತು. "ಯಾರೋ ಒಬ್ಬರು, ಬಾವಿಯ ಹತ್ತಿರದ ಮನೆಯವರು" ಎಂದರೆ ಸಾಕು, ಇಡೀ ಊರಿಗೆ ಅರ್ಥವಾಗುತ್ತದೆ. ಕಚೇರಿಗಳಿಗೆ ಮಾತ್ರ ಇದು ಮರೆತುಹೋಗುತ್ತದೆ. ನಮ್ಮ ಅಧಿಕಾರಿ ಕೆಟ್ಟವರಾಗಿರಲಿಲ್ಲ, ನಿರ್ಲಕ್ಷ್ಯ ಮಾಡಿದವರೂ ಅಲ್ಲ. ದೂರಿನ ತೀವ್ರತೆ ನೆರೆಯವರಿಗೆ ತಟ್ಟಲಿ ಎಂದು ಒಂದು ವಾಕ್ಯ ಸೇರಿಸಿದ್ದರು. ಪತ್ರ ಕಳಿಸುವ ಮುನ್ನ "ಇದನ್ನು ಓದುವವರು ಯಾರು, ಅವರಿಗೆ ಮೊದಲೇ ಏನು ಗೊತ್ತು?" ಎಂದು ಒಮ್ಮೆ ಕೇಳಿಕೊಂಡಿದ್ದರೆ ಆ ವಾಕ್ಯ ಉಳಿಯುತ್ತಿರಲಿಲ್ಲ. ಮಾಹಿತಿ ರಕ್ಷಣೆ ಎಂದರೆ ಬೀಗ, ಪಾಸ್‌ವರ್ಡ್ ಎಂದುಕೊಂಡಿದ್ದೇವೆ. ಅದು ಮೊದಲು ಕಲ್ಪನೆಯ ಕೆಲಸ, ಓದುವವನ ಕಣ್ಣಿನಿಂದ ನೋಡುವ ಕೆಲಸ.

ನನ್ನ ಪಾಲಿಗೆ ಆ ತಪ್ಪಿನ ಫಲ ಬಾಗಿಲಲ್ಲಿ ನಿಂತ ಮುದುಕರಾಗಿ ಬಂತು. ಬೇರೆಯವರ ಪಾಲಿಗೆ ಹೇಗೆ ಬರಬಹುದು ಎಂಬುದಕ್ಕೆ ಪೂರ್ವ ಲಂಡನ್ನಿನ ನ್ಯೂಹ್ಯಾಮ್ ಕೌನ್ಸಿಲ್ ನೋಡಿ. ಚಾಕು, ಬಂದೂಕಿನ ಗ್ಯಾಂಗುಗಳನ್ನು ಹತ್ತಿಕ್ಕಲು ಲಂಡನ್ ಪೊಲೀಸರು ಗ್ಯಾಂಗ್ಸ್ ಮ್ಯಾಟ್ರಿಕ್ಸ್ ಎಂಬ ಪಟ್ಟಿ ಇಟ್ಟಿದ್ದರು. ಅದನ್ನು ಕೌನ್ಸಿಲ್ ಜೊತೆ ಹಂಚಿಕೊಳ್ಳುತ್ತಿದ್ದರು. ಉದ್ದೇಶ ಒಳ್ಳೆಯದೇ. 2017ರ ಜನವರಿಯಲ್ಲಿ ಕೌನ್ಸಿಲ್‌ನ ಉದ್ಯೋಗಿಯೊಬ್ಬರು 44 ಜನರಿಗೆ ಇಮೇಲ್ ಕಳಿಸುವಾಗ ವಿವರ ಅಳಿಸಿದ ಪ್ರತಿಯ ಜೊತೆ ಅಳಿಸದ ಪ್ರತಿಯನ್ನೂ ಲಗತ್ತಿಸಿದರು. ಅದರಲ್ಲಿ 203 ಜನರ ಜನ್ಮದಿನಾಂಕ, ಮನೆ ವಿಳಾಸ, ಯಾವ ಗ್ಯಾಂಗಿನವರೆಂಬ ಶಂಕೆ, ಚಾಕು ಇಟ್ಟುಕೊಳ್ಳುವವರೇ ಎಂಬುದೆಲ್ಲ ಇತ್ತು. ಕೆಲವೇ ತಿಂಗಳಲ್ಲಿ ಆ ಹಾಳೆಗಳ ಫೋಟೋ ಸ್ನ್ಯಾಪ್‌ಚಾಟ್ ಮೂಲಕ ಎದುರಾಳಿ ಗ್ಯಾಂಗಿನ ಹುಡುಗರ ಕೈ ಸೇರಿತು. ಆ ವರ್ಷ ನ್ಯೂಹ್ಯಾಮಿನಲ್ಲಿ ಗ್ಯಾಂಗ್ ಹಿಂಸೆಗೆ ತುತ್ತಾದವರಲ್ಲಿ ಆ ಪಟ್ಟಿಯಲ್ಲಿದ್ದವರೂ ಇದ್ದರು. ಸೋರಿಕೆಯೇ ಅದಕ್ಕೆ ಕಾರಣ ಎಂದು ಹೇಳಲಾಗದು ಎಂದ, ಡೇಟಾ ಕಾನೂನಿನ ಪಾಲನೆ ನೋಡುವ ಮಾಹಿತಿ ಆಯುಕ್ತರ ಕಚೇರಿ, 2019ರ ಏಪ್ರಿಲ್‌ನಲ್ಲಿ ಕೌನ್ಸಿಲ್‌ಗೆ 1,45,000 ಪೌಂಡ್ ದಂಡ ವಿಧಿಸಿತು. ಮುಂದೆ ಪೊಲೀಸರು ಆ ಪಟ್ಟಿಯನ್ನೇ ಕೈಬಿಟ್ಟರು. ಸಮುದಾಯವನ್ನು ಕಾಪಾಡಲೆಂದು ಮಾಡಿದ ಪಟ್ಟಿ ಬೇಟೆಯಾಡುವವರಿಗೆ ವಿಳಾಸದ ಪುಸ್ತಕವಾಗಬಲ್ಲದು.

ಹಾಗೆಂದು ಯಾರಿಗೂ ಏನನ್ನೂ ಹೇಳದೆ ಮುಚ್ಚಿಟ್ಟರೆ ಸುರಕ್ಷಿತ ಎಂದುಕೊಳ್ಳಬೇಡಿ. ಲೆಸ್ಟರ್‌ಶೈರಿನ ಒಬ್ಬ ತಾಯಿಯ ಕಥೆ ಇಲ್ಲಿ ಈಗಲೂ ಜನರನ್ನು ತಲೆ ತಗ್ಗಿಸುವಂತೆ ಮಾಡುತ್ತದೆ. ಬುದ್ಧಿಮಾಂದ್ಯ ಮಗಳೊಂದಿಗೆ ಬದುಕುತ್ತಿದ್ದ ಆಕೆಯ ಮನೆಗೆ ಬೀದಿಯ ಹುಡುಗರು ಕಲ್ಲೆಸೆಯುತ್ತಿದ್ದರು, ಅಣಕಿಸುತ್ತಿದ್ದರು. ಹತ್ತು ವರ್ಷಗಳಲ್ಲಿ ಆಕೆ ಪೊಲೀಸರಿಗೆ 33 ಬಾರಿ ದೂರಿದ್ದರು. ಪ್ರತಿ ದೂರನ್ನೂ ಹೊಸ, ಚಿಕ್ಕ, ಬಿಡಿ ಘಟನೆಯೆಂದೇ ನೋಡಲಾಯಿತು. ಪೊಲೀಸರಿಗೆ ಗೊತ್ತಿದ್ದದ್ದು ಕೌನ್ಸಿಲ್‌ಗೆ ತಲುಪಲಿಲ್ಲ, ಕೌನ್ಸಿಲ್‌ಗೆ ಗೊತ್ತಿದ್ದದ್ದು ಪೊಲೀಸರಿಗೆ ತಲುಪಲಿಲ್ಲ. 2007ರ ಅಕ್ಟೋಬರ್‌ನಲ್ಲಿ ಆ ತಾಯಿ ಮಗಳನ್ನೂ ಜೊತೆಗೆ ಕರೆದುಕೊಂಡು ಪ್ರಾಣ ಕಳೆದುಕೊಂಡರು. ಪೊಲೀಸರು ಮತ್ತು ಕೌನ್ಸಿಲ್‌ಗಳ ಲೋಪಗಳೂ ಈ ಸಾವಿಗೆ ಕಾರಣವಾದವು ಎಂದು 2009ರಲ್ಲಿ ವಿಚಾರಣೆಯ ಜ್ಯೂರಿ ಹೇಳಿತು. 1998ರ ಕಾಯ್ದೆಯೊಂದು ಅಪರಾಧ ತಡೆಗಾಗಿ ಇವರೆಲ್ಲ ಮಾಹಿತಿ ಹಂಚಿಕೊಳ್ಳಲು ಆಗಲೇ ಅನುಮತಿ ಕೊಟ್ಟಿತ್ತು. ಇದ್ದ ಅನುಮತಿಯನ್ನು ಯಾರೂ ಬಳಸಲಿಲ್ಲ. ಇಂಥ ಸಾವುಗಳ ನೋವಿನಿಂದಲೇ 2014ರ ಕಾಯ್ದೆಯಲ್ಲಿ ಒಂದು ಹೊಸ ಹಕ್ಕು ಬಂತು. ಮತ್ತೆ ಮತ್ತೆ ದೂರಿದರೂ ಏನೂ ಆಗದಿದ್ದರೆ, ಪೊಲೀಸರು, ಕೌನ್ಸಿಲ್, ಆರೋಗ್ಯ ಇಲಾಖೆ ಒಟ್ಟಿಗೆ ಕೂತು ನಿಮ್ಮ ಪ್ರಕರಣವನ್ನು ಮರುಪರಿಶೀಲಿಸಬೇಕೆಂದು ನೀವು ಕೇಳಬಹುದು. ಹೆಚ್ಚಿನ ಕಡೆ ಆರು ತಿಂಗಳಲ್ಲಿ ಮೂರು ದೂರು ಕೊಟ್ಟಿದ್ದರೆ ಸಾಕು.

ನ್ಯೂಹ್ಯಾಮಿನಲ್ಲಿ ಮಾಹಿತಿ ಹೋಗಬಾರದವರಿಗೆ ಹೋಯಿತು, ಲೆಸ್ಟರ್‌ಶೈರಿನಲ್ಲಿ ಹೋಗಬೇಕಾದವರಿಗೆ ಹೋಗಲಿಲ್ಲ. ಕೆಡುವುದಕ್ಕೆ ಮೂರನೆಯ ದಾರಿಯೂ ಇದೆ, ಒಂದಕ್ಕೆಂದು ಕೊಟ್ಟ ಅಧಿಕಾರ ಇನ್ನೊಂದಕ್ಕೆ ಹರಿದುಹೋಗುವುದು. 2008ರಲ್ಲಿ ಪೂಲ್ ಎಂಬ ಕರಾವಳಿ ಪಟ್ಟಣದ ಕೌನ್ಸಿಲ್ ಒಂದು ಕುಟುಂಬದ ಮೇಲೆ ಸುಮಾರು ಮೂರು ವಾರ ಗುಟ್ಟಾಗಿ ಕಣ್ಣಿಟ್ಟಿತು. ಗಂಭೀರ ಅಪರಾಧಗಳ ತನಿಖೆಗೆಂದು ಜನ ನಂಬಿದ್ದ ಅಧಿಕಾರ ಅದು. ಆ ಕುಟುಂಬದ ಮೇಲಿದ್ದ ಶಂಕೆಯಾದರೋ ಶಾಲೆಯ ವ್ಯಾಪ್ತಿಯೊಳಗಿನ ಮನೆಯಲ್ಲಿ ನಿಜವಾಗಿ ವಾಸವಿದ್ದಾರೆಯೇ ಎಂಬುದಷ್ಟೇ. ಹೊಳೆ ದಾಟಿಸಲು ಕೊಟ್ಟ ಹರಿಗೋಲಿನಲ್ಲಿ ಮೀನು ಕದಿಯಲು ಹೋದಂತೆ. 2010ರಲ್ಲಿ ನ್ಯಾಯಮಂಡಳಿ ಇದು ಕಾನೂನುಬಾಹಿರ ಎಂದಿತು. 2012ರಿಂದ ಕೌನ್ಸಿಲ್‌ಗಳು ಗುಟ್ಟಾಗಿ ಹಿಂಬಾಲಿಸಬೇಕಾದರೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಅಪರಾಧವೂ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಆರು ತಿಂಗಳ ಜೈಲು ಶಿಕ್ಷೆಯಾಗಬಹುದಾದಷ್ಟು ಗಂಭೀರವಾಗಿರಬೇಕು.

ಲೀಡ್ಸ್‌ನ ಹುಡುಗಿಯ ವೀಸಾ ಪ್ರಶ್ನೆಗೂ ಉತ್ತರ ಇದೇ ತತ್ವದಲ್ಲಿದೆ. ಕೌನ್ಸಿಲ್‌ನ ಕಡತ ಇರುವುದು ಓಣಿಯ ತಂಟೆ ನಿಲ್ಲಿಸಲು. ವೀಸಾ ನೋಡುವುದು ಗೃಹ ಇಲಾಖೆ. ಕಾನೂನಿನ ಪ್ರಕಾರ ಇಲ್ಲಿ ನೆಲೆಸಿರುವವರಿಗೆ ನೆರೆಹೊರೆಯ ತೊಂದರೆಯ ಬಗ್ಗೆ ದೂರುವುದು ವೀಸಾಕ್ಕೆ ಕುತ್ತಲ್ಲ. ಆದರೂ ಆ ಭಯವನ್ನು ಬರಿಯ ಭ್ರಮೆ ಎಂದು ತಳ್ಳಿಹಾಕಲಾರೆ. ದೌರ್ಜನ್ಯಕ್ಕೊಳಗಾಗಿ ಪೊಲೀಸರ ಬಳಿ ಬಂದ ವಲಸಿಗ ಮಹಿಳೆಯರ ವಿವರ ವಲಸೆ ಅಧಿಕಾರಿಗಳಿಗೆ ಹೋಗುತ್ತಿದೆ ಎಂದು ಲಿಬರ್ಟಿ ಮತ್ತು ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಸಂಸ್ಥೆಗಳು 2018ರಲ್ಲಿ ಅಧಿಕೃತವಾಗಿ ದೂರಿದವು. ಮನೆಯೊಳಗಿನ ಹಿಂಸೆಗೆ ಗುರಿಯಾದವರ ವಿಷಯದಲ್ಲಿ ಇದು ನಿಲ್ಲಬೇಕೆಂದು 2020ರಲ್ಲಿ ಪೊಲೀಸರ ಕೆಲಸ ಪರಿಶೀಲಿಸುವ ಸಂಸ್ಥೆಗಳೇ ಶಿಫಾರಸು ಮಾಡಿದವು. ಹೊಡೆತ ತಿಂದ ಹೆಣ್ಣುಮಗಳು ಸಹಾಯ ಕೇಳಲು ಹೆದರುವಂತಾದರೆ ಆ ರಕ್ಷಣೆ ಯಾರಿಗಾಗಿ? ಸಂಶಯವಿದ್ದರೆ ದೂರು ಕೊಡುವ ಮೊದಲೇ "ಇದು ಯಾರ ಯಾರ ಬಳಿ ಹೋಗುತ್ತದೆ?" ಎಂದು ಕೇಳಿ. ಅದು ನಿಮ್ಮ ಹಕ್ಕು.

ಮತ್ತೆ ನಮ್ಮ ಬಾಗಿಲಿಗೆ ಬರುತ್ತೇನೆ. ಆ ಸಂಜೆ ನೆರೆಯವರು ಕೂಗಾಡಲಿಲ್ಲ. "ನನಗೇ ಬಂದು ಹೇಳಬಹುದಿತ್ತು" ಎಂದಷ್ಟೇ ಹೇಳಿ ಹೊರಟುಹೋದರು. ಎರಡು ಸಲ ಬಾಗಿಲು ತಟ್ಟಿದ್ದೆ ಎನ್ನುವ ಮಾತು ನನ್ನ ಗಂಟಲಲ್ಲೇ ಉಳಿಯಿತು. ಮೂರು ವಾರ ಕಳೆಯುವಷ್ಟರಲ್ಲಿ ಸದ್ದು ನಿಂತಿತು. ಏನು ಕ್ರಮ ಕೈಗೊಂಡಿರಿ ಎಂದು ಕೌನ್ಸಿಲ್‌ಗೆ ಬರೆದು ಕೇಳಿದೆ. "ಕ್ರಮ ಕೈಗೊಂಡಿದ್ದೇವೆ, ವಿವರ ಹಂಚಿಕೊಳ್ಳಲಾಗದು" ಎಂದು ಒಂದೇ ಸಾಲಿನ ಉತ್ತರ ಬಂತು. ನನಗೆ ಸಿಟ್ಟು ಬಂದಿತ್ತು. ದೂರು ಕೊಟ್ಟವಳು ನಾನು, ನಿದ್ದೆ ಕಳೆದುಕೊಂಡವಳು ನಾನು, ಏನಾಯಿತೆಂದು ತಿಳಿಯುವ ಹಕ್ಕು ನನಗಿಲ್ಲವೇ ಎಂದು ಗಂಡನ ಮುಂದೆ ಒದರಾಡಿದೆ.

ಉತ್ತರ ಸಿಕ್ಕಿದ್ದು ಬೇಸಿಗೆಯಲ್ಲಿ, ಹಿತ್ತಲಿನ ಬೇಲಿಯ ಬಳಿ, ಅವರ ಬಾಯಿಂದಲೇ. ಹಿಂದಿನ ಶರತ್ಕಾಲದಲ್ಲಿ ಹೆಂಡತಿ ತೀರಿಕೊಂಡಿದ್ದರು. ಖಾಲಿ ಮನೆಯಲ್ಲಿ ನಿದ್ದೆ ಬಾರದೆ, ಮನುಷ್ಯರ ದನಿ ಕೇಳಿಸಲಿ ಎಂದು ಟಿವಿ ಹಾಕಿಕೊಳ್ಳುತ್ತಿದ್ದರಂತೆ. ಕಿವಿ ಮಂದವಾಗಿದ್ದದ್ದು ಅವರಿಗೇ ತಿಳಿದಿರಲಿಲ್ಲ. ನಾನು ಬಾಗಿಲು ತಟ್ಟಿದ್ದು ಅವರಿಗೆ ಕೇಳಿಸಿಯೇ ಇರಲಿಲ್ಲ. ಕೌನ್ಸಿಲ್‌ನ ಅಧಿಕಾರಿ ಮನೆಗೆ ಹೋದವರು ನೋಟಿಸ್ ಕೊಡುವ ಬದಲು ಕೂತು ಮಾತಾಡಿಸಿ, ಕಿವಿಯ ಪರೀಕ್ಷೆಗೆ ದಾರಿ ಮಾಡಿಕೊಟ್ಟು, ಹೆಡ್‌ಫೋನ್ ಬಳಸುವುದನ್ನು ಹೇಳಿಕೊಟ್ಟಿದ್ದರು. ಈ ಸಂಗತಿ ನನಗೆ ಹೇಳುವ ಹಕ್ಕು ಇದ್ದದ್ದು ಅವರೊಬ್ಬರಿಗೇ. ಹೇಳಬೇಕೆನಿಸಿದಾಗ, ತಮ್ಮ ಮಾತಿನಲ್ಲಿ, ಟೊಮೆಟೊ ಗಿಡಕ್ಕೆ ನೀರು ಹಾಕುತ್ತ ಹೇಳಿದರು. ಕೌನ್ಸಿಲ್ ಪತ್ರದಲ್ಲೇ ಅದು ನನಗೆ ತಿಳಿದುಹೋಗಿದ್ದರೆ ಅವರ ದುಃಖ ಬೀದಿಯ ಸುದ್ದಿಯಾಗುತ್ತಿತ್ತು. ನನ್ನನ್ನು ಕಾಯಬೇಕಾದ ವಾಕ್ಯದಲ್ಲಿ ಎಡವಿದ ಅದೇ ಕಚೇರಿ ಅವರನ್ನು ಸರಿಯಾಗಿ ಕಾದಿತ್ತು. ದೂರು ಕೊಟ್ಟವರಂತೆ ದೂರಿಸಿಕೊಂಡವರೂ ಆ ಊರಿನ ನಿವಾಸಿಯೇ ಎಂಬುದನ್ನು ನಾನು ಮರೆತಿದ್ದೆ.

ಪತ್ರ ಬರೆದ ಓದುಗರಿಗೆ ನನ್ನ ಅನುಭವದಿಂದ ನಾಲ್ಕು ಮಾತು. ದಿನಚರಿ ಹಾಳೆ ತುಂಬುವಾಗ ಸದ್ದಿನ ಬಗ್ಗೆ ನಿಖರವಾಗಿ ಬರೆಯಿರಿ. ನಿಮ್ಮ ಮನೆಯವರನ್ನು ಗುರುತಿಸಿಕೊಡುವ ವಿವರ ಅನಿವಾರ್ಯವಾದರೆ, ಇದನ್ನು ಪತ್ರದಲ್ಲಿ ಸೇರಿಸಬೇಡಿ ಎಂದು ಅಲ್ಲೇ ಬರೆದುಬಿಡಿ. ನಿಮ್ಮ ಬಗ್ಗೆ ಕೌನ್ಸಿಲ್ ಬಳಿ ಏನಿದೆ ಎಂದು ತಿಳಿಯಬೇಕಾದರೆ ಪ್ರತಿ ಕೇಳಿ. ಶುಲ್ಕವಿಲ್ಲ, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಕೊಡಬೇಕು. ತಪ್ಪಿದ್ದರೆ ತಿದ್ದಿಸಬಹುದು. ಸಮಾಧಾನವಾಗದಿದ್ದರೆ ಮಾಹಿತಿ ಆಯುಕ್ತರ ಕಚೇರಿಗೆ ಹೋಗಬಹುದು. ಮತದಾರರ ಪಟ್ಟಿಗೆ ಹೆಸರು ಸೇರಿಸುವಾಗ (ಕಾಮನ್‌ವೆಲ್ತ್ ಪ್ರಜೆಗಳಾದ ನಮಗೂ ಇಲ್ಲಿ ಮತದ ಹಕ್ಕಿದೆ) ಯಾರು ಬೇಕಾದರೂ ಕೊಳ್ಳಬಹುದಾದ ಮುಕ್ತ ಪಟ್ಟಿಯಿಂದ ಹೆಸರು ತೆಗೆಯಿರಿ ಎಂದು ಗುರುತು ಹಾಕುವುದನ್ನು ಮರೆಯಬೇಡಿ. ಹಾಗೆಯೇ ನಿಮ್ಮ ಬಾಗಿಲಿನ ಕ್ಯಾಮೆರಾ ನೆರೆಯವರ ಅಂಗಳವನ್ನೂ ಮಾತನ್ನೂ ಹಿಡಿಯುತ್ತಿದ್ದರೆ ನಿಮಗೂ ಅದೇ ಕಾನೂನು ಅನ್ವಯಿಸುತ್ತದೆ. 2021ರಲ್ಲಿ ಆಕ್ಸ್‌ಫರ್ಡ್‌ನ ನ್ಯಾಯಾಲಯವೊಂದು ಇಂಥ ಕ್ಯಾಮೆರಾ ಇಟ್ಟವರ ವಿರುದ್ಧವೇ ತೀರ್ಪು ಕೊಟ್ಟಿತು. ಆ ವಿಡಿಯೋವನ್ನು ಕೌನ್ಸಿಲ್‌ಗೆ ಕೊಡಿ, ಬೀದಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ.

ಇದನ್ನೆಲ್ಲ ಊರಿನಲ್ಲಿರುವ ತಮ್ಮನಿಗೆ ಹೇಳುತ್ತಿದ್ದಾಗ ಅವನು ನೆನಪಿಸಿದ್ದು 2020ರ ಮಾರ್ಚ್ ತಿಂಗಳನ್ನು. ಕೋವಿಡ್ ಹೊಸದಾಗಿ ಬಂದಾಗ ಕರ್ನಾಟಕ ಸರ್ಕಾರ ಮನೆಯಲ್ಲಿ ಪ್ರತ್ಯೇಕವಾಗಿದ್ದವರ ವಿಳಾಸಗಳ ಪಟ್ಟಿಯನ್ನು ಜಿಲ್ಲಾವಾರು ಪ್ರಕಟಿಸಿತ್ತು. ಹೆಸರಿಲ್ಲ, ವಿಳಾಸವಿದೆ. ಪಟ್ಟಿ ಕ್ಷಣದಲ್ಲಿ ಫೋನಿನಿಂದ ಫೋನಿಗೆ ಹಾರಿತು. ಸಮುದಾಯದ ರಕ್ಷಣೆಯೇ ಅದರ ಉದ್ದೇಶವಾಗಿತ್ತು, ಅನುಮಾನವಿಲ್ಲ. ಆದರೆ ಬಾಗಿಲ ಸಂಖ್ಯೆ ಗೊತ್ತಾದ ಮೇಲೆ ಹೆಸರು ಯಾರಿಗೆ ಬೇಕು? ಅದೇ ವರ್ಷ ಡಿಸೆಂಬರ್‌ನಲ್ಲಿ, ಸೋಂಕಿತರ ಮನೆಗಳಿಗೆ ಪೋಸ್ಟರ್ ಅಂಟಿಸುವುದು ಸಕ್ಷಮ ಪ್ರಾಧಿಕಾರದ ನಿರ್ದಿಷ್ಟ ಆದೇಶವಿಲ್ಲದೆ ಸಲ್ಲದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಖಾಸಗಿತನ ಮೂಲಭೂತ ಹಕ್ಕು ಎಂದು ಆ ಕೋರ್ಟು 2017ರ ಆಗಸ್ಟ್ 24ರಂದು ಸಾರಿದ ಪ್ರಕರಣಕ್ಕೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಾದಿಯಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಹೊರಬಿದ್ದವು. ಕಾಯ್ದೆ ಹಂತಹಂತವಾಗಿ ಜಾರಿಯಾಗುವ ಈ ಹೊತ್ತು ನಮ್ಮ ನಗರಸಭೆ, ಪಂಚಾಯಿತಿಗಳ ಕಡತಗಳ ಬಗ್ಗೆ ಪ್ರಶ್ನೆ ಕೇಳಲು ಸರಿಯಾದ ಹೊತ್ತು. ನಾಳೆ ನಿಮ್ಮ ಬಡಾವಣೆಯ ದೂರಿನ ಅರ್ಜಿಯಲ್ಲಿ ಫೋನ್ ನಂಬರ್ ಬರೆಯುವಾಗ, ಇದನ್ನು ಯಾರು ನೋಡುತ್ತಾರೆ ಎಂದು ಗುಮಾಸ್ತರನ್ನು ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಅವರೂ ಮೇಲಿನವರನ್ನು ಕೇಳಲಿ.

ಸದ್ದು ನಿಂತ ವರ್ಷದ ಕೊನೆಗೆ ನನ್ನ ಕಡತದ ಪ್ರತಿ ತರಿಸಿಕೊಂಡೆ. ಹನ್ನೊಂದು ಪುಟ. ನನ್ನ ದಿನಚರಿಯ ಹಾಳೆಗಳು ಹಾಗೆಯೇ ಇದ್ದವು, ನಿದ್ದೆಗಣ್ಣಿನ ಓರೆಕೋರೆ ಅಕ್ಷರಗಳ ಸಮೇತ. ಅಧಿಕಾರಿಯ ಟಿಪ್ಪಣಿಗಳ ಮೇಲೆ ಮಾತ್ರ ಅಲ್ಲಲ್ಲಿ ದಪ್ಪ ಕಪ್ಪು ಪಟ್ಟಿ ಬಳಿದಿತ್ತು. ಒಂದು ಪುಟದಲ್ಲಿ ಎರಡು ಪದ ಬಿಟ್ಟರೆ ಉಳಿದದ್ದೆಲ್ಲ ಕಪ್ಪು. ಆ ಪಟ್ಟಿಗಳ ಕೆಳಗೆ ಏನಿದೆಯೆಂದು ಅಷ್ಟು ಹೊತ್ತಿಗೆ ನನಗೆ ಗೊತ್ತಿತ್ತು. ಸತ್ತ ಹೆಂಡತಿ, ಮಂದವಾದ ಕಿವಿ, ಖಾಲಿ ಮನೆ. ನೆರೆಯವರೂ ತಮ್ಮ ಕಡತ ತರಿಸಿಕೊಂಡರೆ ಅದರಲ್ಲೂ ಇಂಥ ಪಟ್ಟಿಗಳಿರುತ್ತವೆ, ಅವುಗಳ ಕೆಳಗೆ ನಾನೂ ನನ್ನ ಮಗಳೂ ಇರುತ್ತೇವೆ. ಒಂದು ಗೋಡೆಯ ಎರಡು ಬದಿಗೆ ಇಬ್ಬರೂ ನೆಮ್ಮದಿಯಾಗಿ ಮಲಗಬೇಕಾದರೆ ಆ ಪಟ್ಟಿ ಇಬ್ಬರ ಮೇಲೂ ಸರಿಯಾಗಿ ಬೀಳಬೇಕು. ನಮ್ಮ ವಿಷಯದಲ್ಲಿ ಒಂದು ಸಾಲು ತಪ್ಪಿಹೋಯಿತು. ಅವರು ಒಳ್ಳೆಯವರಾಗಿದ್ದರು, ನಾವು ಬಚಾವಾದೆವು. ಮುಂದಿನ ಬೀದಿಯಲ್ಲಿ ದೂರು ಕೊಡುವ ತಾಯಿಗೆ ನೆರೆಯವರ ಒಳ್ಳೆಯತನವೊಂದೇ ಆಸರೆಯಾಗಬಾರದು.